ತಿರುಗುವ ಗಂಟೆ

ಜನವರಿ 6, ಬೆಳಿಗ್ಗೆ 5:40

ಮೂರನೇ ಸುತ್ತು ಮುಗಿಯಿತು. ಇಪ್ಪತ್ತೆರಡು ಮಹಡಿ, ಮೂರು ಸಲ. ಹತ್ತುವಾಗ ಬೆನ್ನಿಗೆ ಹದಿನೆಂಟು ಲೀಟರ್ ನೀರು. ಅದನ್ನು ಟೆರೇಸಿನ ಟ್ಯಾಂಕಿಗೆ ಸುರಿದು ಖಾಲಿ ಕ್ಯಾನ್ ಹೊತ್ತು ಇಳಿಯುವುದು. ಮೊಣಕಾಲು ಉಳಿಯಬೇಕಲ್ಲ. ಎಡಗಾಲಿನ ಬೂಟಿನ ತುದಿಗೆ ಸ್ಪಂಜು ತುರುಕಿದ್ದೇನೆ. ಅಲ್ಲಿರಬೇಕಾದ ಎರಡು ಬೆರಳು ಹೋದ ಸಲವೇ ಹಿಮಕ್ಕೆ ಹೋದವು.

ಕೆಳಗೆ ವಾಚ್‌ಮನ್ ಕಾಯುತ್ತಿದ್ದ.

"ಮೇಡಂ, ಲಿಫ್ಟ್ ರಿಪೇರಿಯವರೇ ಮೆಟ್ಟಿಲು ಹತ್ತಿದ್ರೆ ಜನ ಏನಂದ್ಕೋಬೇಕು? ಲಿಫ್ಟ್ ಕೆಟ್ಟಿದೆ ಅಂತ ನಿನ್ನೆ ಇಬ್ರು ಕಂಪ್ಲೇಂಟ್ ಕೊಟ್ರು."

"ಕೆಟ್ಟಿರೋದು ಲಿಫ್ಟಲ್ಲ, ಲಿಫ್ಟಿನವಳ ತಲೆ ಅಂತ ಹೇಳಿ."

ನಗಲಿಲ್ಲ ಮಹಾರಾಯ. ನಂಬಿದ ಅಂತ ಕಾಣುತ್ತದೆ.

ಹೋದ ಸಲ ತುದಿ ಮುಟ್ಟಲಾಗದ ಆ ಹಿಮಶಿಖರಕ್ಕೆ ಏಪ್ರಿಲ್ 10ಕ್ಕೆ ಮತ್ತೆ ಹೊರಡುವುದು. ಇನ್ನು ತೊಂಬತ್ತನಾಲ್ಕು ದಿನ. ವಯಸ್ಸು ನಲವತ್ತೊಂದು, ಕಾಲ್ಬೆರಳು ಎಂಟು. ಸಾಕು.

ಜನವರಿ 8, ಸಂಜೆ

ಇವರು ಮುಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ ಕಟ್ಟುತ್ತಿದ್ದಾರೆ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಇವರು ಪ್ಲಾಸ್ಟರ್ ಹೊಯ್ದು, ಗುಲಾಬಿ ಮೇಣದಲ್ಲಿ ಒಸಡು ಮಾಡಿ, ಒಂದೊಂದೇ ಹಲ್ಲು ಕೂರಿಸುತ್ತಾರೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಿತ್ತು ಮತ್ತೆ ಮೊದಲಿನಿಂದ. ಇಷ್ಟು ಕರಾರುವಾಕ್ಕಾದ ಮನುಷ್ಯನನ್ನು ನಾನು ನೋಡಿಲ್ಲ. ಬೀದಿಗೆ ಹೋಗಬೇಕಾದರೂ ಕಪಾಟಿನ ತುಂಬ ಕಿಸಿಯುವ ಹಲ್ಲುಗಳನ್ನು ದಾಟಿಯೇ ಹೋಗಬೇಕು.

ಆ ಶಿಖರಕ್ಕೆ ಇವರಿಟ್ಟ ಹೆಸರು ಸವತಿ. "ಫ್ರಿಜ್ ಮೇಲಿಂದ ನನ್ನ ಸವತಿ ಫೋಟೋ ತೆಗಿಯೇ, ನೀರು ಕುಡಿಯೋಕೂ ಭಯ ಆಗತ್ತೆ" ಅನ್ನುತ್ತಾರೆ. ಗಂಡಸಿಗೆ ಸವತಿ ಕಾಟ ಇರುವುದು ನಮ್ಮ ಮನೆಯಲ್ಲಿ ಮಾತ್ರ.

ಅತ್ತೆ ಇವತ್ತೂ ಕೇಳಿದರು.

"ಮನೇಲಿ ನಿಂಗೆ ಏನಮ್ಮ ಕಡಿಮೆಯಾಗಿದೆ?"

"ಏನೂ ಕಡಿಮೆಯಾಗಿಲ್ಲ ಅತ್ತೆ. ಅದೇ ತೊಂದರೆ."

ಹಾರಿಕೆಯ ಉತ್ತರ ಅಂದುಕೊಂಡರು. ಆದರೆ ನಿಜ. ಬೆಟ್ಟ ಇಳಿದು ಬಂದ ಮೂರೇ ವಾರಕ್ಕೆ ಶುರುವಾಗುತ್ತದೆ. ಸೋಫಾದಲ್ಲಿ ಕೂತರೆ ಕಾಲು ಕುಣಿಯುತ್ತದೆ. ಬ್ಯಾಂಕಿನ ಸಾಲಿನಲ್ಲಿ ನಿಂತರೆ ಉಸಿರು ಕಟ್ಟುತ್ತದೆ. ಮೇಲೆ, ಒಂದು ಹೆಜ್ಜೆಗೆ ನಾಲ್ಕು ಸಲ ಉಸಿರೆಳೆಯಬೇಕಾದ ಜಾಗದಲ್ಲಿ, ಎದೆ ಹಗುರ. ಇದನ್ನು ಕಾಯಿಲೆ ಅನ್ನುವವರು ಅನ್ನಲಿ. ಔಷಧಿ ನಾನು ಕೇಳಿಲ್ಲ.

ಜನವರಿ 19

ಕಂಪನಿಯ ಮೆಡಿಕಲ್ ಚೆಕಪ್. ಡಾಕ್ಟರು ಕಾಲು ನೋಡಿದರು, ರಿಪೋರ್ಟ್ ನೋಡಿದರು, ಕೊನೆಗೆ ಮುಖ ನೋಡಿದರು. "ಆವತ್ತು ನೀವು ವಾಪಸ್ ತಿರುಗಿದ್ದು ಬಹಳ ಬುದ್ಧಿವಂತಿಕೆ. ಅದನ್ನೇ ಮುಂದುವರಿಸಿ" ಅಂದರು.

ಎರಡು ವರ್ಷದಿಂದ ಎಲ್ಲರ ಬಾಯಲ್ಲೂ ಇದೇ. ಬುದ್ಧಿವಂತೆ. ಇನ್ನೊಬ್ಬರು ಹಾಗೆ ಅಂದರೆ ಹಲ್ಲು ಉದುರಿಸುತ್ತೇನೆ. ಹೊಸದು ಕಟ್ಟಿಕೊಡಲು ಮನೆಯಲ್ಲಿ ಜನ ಇದ್ದಾರೆ.

ಸಿಟ್ಟು ಇಳಿಯಲಿ ಅಂತ ಎಲ್ಲ ಇನ್ನೊಮ್ಮೆ ಬರೆಯುತ್ತೇನೆ.

ನಮ್ಮ ಗುಂಪಿಗೆ ಒಂದು ಪದ್ಧತಿ ಇದೆ. ಶಿಖರದ ದಿನ ಎಷ್ಟು ಗಂಟೆಗೆ ವಾಪಸ್ ತಿರುಗಬೇಕು ಅನ್ನುವುದನ್ನು ಹತ್ತುವವರು ನಿರ್ಧರಿಸುವ ಹಾಗಿಲ್ಲ. ಅಷ್ಟು ಎತ್ತರದಲ್ಲಿ ಬುದ್ಧಿ ನೆಟ್ಟಗಿರುವುದಿಲ್ಲ; ಶಿಖರ ಕಂಡರಂತೂ ಇರುವುದೇ ಇಲ್ಲ. ಮನೆಯಲ್ಲಿ ಉಳಿಯುವವರು ಲೀಡರನ್ನು ಕೇಳಬೇಕು. ಲೀಡರ್ ಒಬ್ಬೊಬ್ಬರ ತಾಕತ್ತು ನೋಡಿ ಗಂಟೆ ಹೇಳುತ್ತಾರೆ. ಮನೆಯವರು ಅದನ್ನು ಚೀಟಿಯಲ್ಲಿ ಬರೆದು, ಅಂಟಿಸಿ, ಕೊಡಬೇಕು. ಕೊನೆಯ ಕ್ಯಾಂಪಿನಲ್ಲಿ ಒಡೆಯುವುದು. ಆ ಗಂಟೆಗೆ ಎಲ್ಲಿದ್ದರೂ ತಿರುಗುವುದು. ಆಮೇಲೆ ಚೀಟಿಯ ಬಗ್ಗೆ ಯಾರೂ ಯಾರನ್ನೂ ಕೇಳುವುದಿಲ್ಲ, ವಾದಿಸುವುದಿಲ್ಲ.

ಇವರು ಬರೆದುಕೊಟ್ಟ ನನ್ನ ಚೀಟಿಯಲ್ಲಿ ಇದ್ದದ್ದು: ಒಂದು.

ಒಂದು ಗಂಟೆಗೆ ನಾನು ಎಲ್ಲಿದ್ದೆ? ತುದಿಗಿಂತ ಅರವತ್ತು ಮೀಟರ್ ಕೆಳಗೆ. ಗಾಳಿ ಇಲ್ಲ, ಬಿಸಿಲು, ಕಾಲಲ್ಲಿ ಶಕ್ತಿ. ಚಿಗರೆ ನನಗಿಂತ ಹಿಂದೆ ಇದ್ದ. ಈಜು ಕಲಿಸುವ ಹುಡುಗ, ಓಡಾಟ ನೋಡಿ ಎಲ್ಲರೂ ಇಟ್ಟ ಹೆಸರು. ಕೂತುಕೊಂಡ ನನ್ನನ್ನು ದಾಟುವಾಗ ನಿಂತ.

"ಯಾಕಕ್ಕಾ?"

"ನಂದು ಒಂದು ಗಂಟೆ."

"ಅಯ್ಯೋ! ನಂಗೆ ಎರಡು ಅಕ್ಕಾ."

ಹೋದ. ಒಂದೂ ಐವತ್ತಕ್ಕೆ ತುದಿಯಲ್ಲಿ ನಿಂತ. ಪೇಪರಿನಲ್ಲಿ ಫೋಟೋ ಬಂತು. ನಾನು ಇಳಿದೆ, ಬೆರಳು ಕಳೆದುಕೊಂಡೆ, ಬುದ್ಧಿವಂತೆ ಆದೆ.

ಲೀಡರ್ ನನ್ನನ್ನು ಮುದುಕಿ ಅಂದುಕೊಂಡರು. ಅವನಿಗೆ ಎರಡು, ನನಗೆ ಒಂದು. ಯಾಕೆ ಅಂತ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಸೋತಂತೆ.

ಜನವರಿ 26, ಮಧ್ಯಾಹ್ನ 1:15

ಕೇಳಿಬಿಟ್ಟೆ.

ಲೀಡರ್ ಸಾಮಾನು ನೋಡಲು ಬಂದಿದ್ದರು. ಇವರು ಮೇಣ ತರಲು ಅಂಗಡಿಗೆ ಹೋಗಿದ್ದರು. ಹಗ್ಗವನ್ನೆಲ್ಲ ನಡುಮನೆಯಲ್ಲಿ ಹರಡಿಕೊಂಡು, ಮೊಳ ಮೊಳವನ್ನೂ ಕೈಯಲ್ಲಿ ಸವರಿ ನೋಡಿದರು. ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳನ್ನು ಉಗುರಿನಿಂದ ಪರೀಕ್ಷಿಸಿದರು. ಅರವತ್ತು ದಾಟಿದ ಮನುಷ್ಯ, ಮೂಗಿನ ತುದಿ ಹಿಮಕ್ಕೆ ಕೊಟ್ಟು ಬಂದವರು. ಕೊನೆಗೆ, "ಈ ಸಲ ನೀನು ಹತ್ತೇ ಹತ್ತುತ್ತೀಯ ಲಿಫ್ಟಮ್ಮ. ಹೋದ ಸಲವೇ ಹತ್ತಬೇಕಿತ್ತು" ಅಂದರು.

ಅಷ್ಟು ಸಾಕಾಯಿತು. ಬಾಯಿ ಹರಿಯಬಿಟ್ಟೆ.

"ಹತ್ತಬೇಕಿತ್ತು ಅಂತೀರಿ. ನಂಗೆ ಒಂದು ಗಂಟೆ ಕೊಟ್ಟವರು ಯಾರು? ನನ್ನ ಹಿಂದೆ ಏದುಸಿರು ಬಿಡ್ತಾ ಬರ್ತಿದ್ದವನಿಗೆ ಎರಡು. ನಾನೇನು ಅಷ್ಟು ಕಡೆಯಾಗಿ ಹೋದ್ನಾ?"

ಲೀಡರ್ ಹಗ್ಗ ಸುತ್ತುವುದನ್ನು ನಿಲ್ಲಿಸಿದರು.

"ನಿಂಗೂ ಎರಡೇ ಹೇಳಿದ್ದೆನಲ್ಲಮ್ಮ."

ಇಬ್ಬರೂ ಮುಂದಿನ ಕೋಣೆಯ ಕಡೆ ನೋಡಿದೆವು. ಅಲ್ಲಿ ಬರೀ ಹಲ್ಲು.

ಅದೇ ದಿನ, ಸಂಜೆ 6:30

ಇವರು ಬಂದು ಕೂತು ಕೆಲಸ ಶುರು ಮಾಡಿದ್ದರು. ಮುಂದೆ ನಿಂತು ಕೇಳಿದೆ.

"ಲೀಡರ್ ನಿಮಗೆ ಎಷ್ಟು ಅಂದಿದ್ರು?"

ತಲೆ ಎತ್ತಲಿಲ್ಲ. ಚಿಮಟದಲ್ಲಿ ಒಂದು ಹಲ್ಲು ಹಿಡಿದಿತ್ತು ಕೈ.

"ಎರಡು."

"ನೀವು ಬರೆದದ್ದು?"

"ಒಂದು."

"ಯಾಕ್ರೀ?"

"ಭಯ ಆಯ್ತು."

ಅಷ್ಟೇ. ಹಲ್ಲನ್ನು ಮೇಣಕ್ಕೆ ಕೂರಿಸಿ, ಓರೆಯಾಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅರವತ್ತು ಮೀಟರ್ ಕಣ್ರೀ! ಅರವತ್ತು! ಎರಡು ವರ್ಷದಿಂದ ಆ ಮುದುಕನನ್ನ ಮನಸ್ಸಲ್ಲೇ ಬೈಕೊಂಡು ಬಂದಿದೀನಿ. ನನ್ನನ್ನೇ ಬೈಕೊಂಡಿದೀನಿ. ನೀವು ದಿನಾ ನನ್ನ ಪಕ್ಕದಲ್ಲೇ ಮಲಗಿದ್ರಿ."

"ಹೌದು. ಒಂದು ಗಂಟೆ ಕದ್ದೆ. ಕದ್ದಿದ್ದಕ್ಕೆ ಇವತ್ತು ನೀನು ನನ್ನ ಮುಂದೆ ನಿಂತು ಬೈತಾ ಇದೀಯ. ಬೈಯಿ."

ಮೇಜಿಗೆ ಕೈ ಬೀಸಿದೆ. ಒಂದು ಸೆಟ್ ನೆಲಕ್ಕೆ ಬಿತ್ತು, ಮುಂದಿನ ಹಲ್ಲು ಹಾರಿತು. ಇವರು ಬಗ್ಗಿ, ಮೊಣಕಾಲೂರಿ, ಕಪಾಟಿನ ಅಡಿಯಲ್ಲಿ ಕೈಯಾಡಿಸಿ ಹುಡುಕಿದರು. ಆ ಬಗ್ಗಿದ ಬೆನ್ನು ಕಂಡು ಅಳು ಬಂತು. ಅಳಲಿಲ್ಲ. ಅತ್ತರೆ ಕ್ಷಮಿಸಿದೆ ಅಂದುಕೊಳ್ಳುತ್ತಾರೆ.

ಫೆಬ್ರವರಿ 15

ಇಪ್ಪತ್ತು ದಿನ. ಮಾತಿಲ್ಲ. ಎಲ್ಲ ಅತ್ತೆಯ ಮೂಲಕ. "ಗ್ಯಾಸ್ ಮುಗೀತು ಅಂತ ಹೇಳಿ ಅತ್ತೆ." "ಬುಕ್ ಮಾಡಿದೀನಿ ಅಂತ ಹೇಳಮ್ಮ." ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಿಂತು. ಅತ್ತೆಗೆ ಇವತ್ತು ತಾಳ್ಮೆ ಕೆಟ್ಟಿತು. "ನಾನೇನು ಪೋಸ್ಟಾಫೀಸಾ?" ಅಂದು, ಹಲ್ಲಿನ ಸೆಟ್ ತೆಗೆದು ಲೋಟಕ್ಕೆ ಹಾಕಿ ಕೂತುಬಿಟ್ಟರು. ಹಲ್ಲಿಲ್ಲದೆ ಅತ್ತೆ ಮಾತಾಡುವುದಿಲ್ಲ. ಸಂಜೆಯವರೆಗೂ ಮನೆ ಗಪ್‌ಚುಪ್.

ಕೆಲಸದ ಕಡೆ ಹೊಸ ಕಟ್ಟಡ. ಲಿಫ್ಟಿನ ಬಾವಿಯೊಳಗೆ, ಡಬ್ಬದ ನೆತ್ತಿಯ ಮೇಲೆ ನಿಂತು ಉಕ್ಕಿನ ಹಗ್ಗಕ್ಕೆ ಗ್ರೀಸ್ ಹಚ್ಚಿದೆ. ಕೆಳಗೆ ಹದಿನಾರು ಮಹಡಿಯ ಕತ್ತಲೆ. ಜೊತೆಗಿದ್ದ ಮೆಕ್ಯಾನಿಕ್ ಕೇಳಿದ:

"ನಿಮಗೆ ಭಯ ಆಗಲ್ವಾ ಮೇಡಂ?"

"ಆಗತ್ತೆ. ಆದ್ರೆ ಕೈ ನಡುಗಲ್ಲ."

ಅಂದಮೇಲೆ ಇವರ ನೆನಪಾಯಿತು. ಭಯವಾಗಿ, ಕೈ ನಡುಗದೆ, ದುಂಡಗೆ 'ಒಂದು' ಅಂತ ಬರೆದವರು. ನಾವಿಬ್ಬರೂ ಒಂದೇ ಜಾತಿಯ ಪ್ರಾಣಿಗಳು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ಮಾರ್ಚ್ 3

ಚಿಗರೆ ಹೋದ.

ಬೇರೆ ಬೆಟ್ಟ. ಚಳಿಗಾಲದಲ್ಲೇ ಹತ್ತುತ್ತೇನೆ ಅಂತ ಹೋಗಿದ್ದ. ನಾಲ್ಕೂವರೆಗೆ ಇನ್ನೂ ಮೇಲೆ ಹತ್ತುತ್ತಿದ್ದದ್ದನ್ನು ಕೆಳಗಿನವರು ದುರ್ಬೀನಿನಲ್ಲಿ ನೋಡಿದ್ದಾರೆ. ಆಮೇಲೆ ಕತ್ತಲು. ಮೂರನೇ ದಿನ ಸಿಕ್ಕಿದ. ಬಂಡೆಗೆ ಒರಗಿ ಕೂತಿದ್ದನಂತೆ, ಸುಸ್ತಾರಿಸಿಕೊಳ್ಳುತ್ತಿರುವವನ ಹಾಗೆ. ಇಪ್ಪತ್ತೆಂಟು ವಯಸ್ಸು.

ಬರೆಯಲಾಗುತ್ತಿಲ್ಲ.

ಮಾರ್ಚ್ 7

ಅವನ ಅಮ್ಮನ ಮನೆಗೆ ಹೋಗಿ ಬಂದೆ. ಆಕೆ ಶಾಲೆಯಲ್ಲಿ ಗುಮಾಸ್ತೆ. ಹಾಲಿನಲ್ಲಿ ಅವನ ಸೈಕಲ್ಲು, ಒದ್ದೆ ಟವೆಲಿನ ವಾಸನೆ ಇನ್ನೂ ಹೋಗದ ಬ್ಯಾಗು. ಆಕೆ ಅಳಲಿಲ್ಲ. ಒಳಗಿನಿಂದ ಬಿಸ್ಕತ್ತಿನ ಡಬ್ಬ ತಂದು ಮುಚ್ಚಳ ತೆಗೆದು ತೋರಿಸಿದರು. ಆರು ಚೀಟಿ.

"ಪ್ರತಿ ಸಲ ನಾನೇ ಬರೆದುಕೊಟ್ಟಿದ್ದು. ವಾಪಸ್ ಬಂದು ಕೈಗೆ ಕೊಡ್ತಿದ್ದ. 'ನೋಡಮ್ಮ, ಒಡೀದೇನೇ ಬಂದೆ' ಅಂತ ನಗ್ತಿದ್ದ. ನಾನೂ ನಗ್ತಿದ್ದೆ ಕಣಮ್ಮ. ಬೈಬೇಕಿತ್ತು."

ಆರನೆಯದು ಅವನ ಜೇಬಿನಲ್ಲಿ ಸಿಕ್ಕಿದ್ದು. ಅಂಟು ಹಾಗೇ ಇತ್ತು.

ಆವತ್ತು "ನಂಗೆ ಎರಡು ಅಕ್ಕಾ" ಅಂದಿದ್ದು ಬರೀ ಬಾಯಿಮಾತು. ಅವನ ಚೀಟಿಯಲ್ಲಿ ಏನಿದೆ ಅಂತ ಅವನಿಗೇ ಗೊತ್ತಿರಲಿಲ್ಲ. ಎರಡು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದು ಒಡೆಯದ ಒಂದು ಚೀಟಿಗೆ.

ಹೊರಡುವಾಗ ಆಕೆ ಕೈ ಹಿಡಿದುಕೊಂಡರು. ಹೋಗಬೇಡ ಅನ್ನುತ್ತಾರೆ ಅಂದುಕೊಂಡೆ.

"ಒಡೆದು ನೋಡು. ಅಷ್ಟು ಮಾಡು."

ಮಾರ್ಚ್ 12

ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಮ್ಯಾನೇಜರ್, ವಾಚ್‌ಮನ್, ಪಕ್ಕದ ಮನೆಯಾಕೆ. ಚಿಗರೆ ಸತ್ತ, ಇವಳಿಗೆ ಇನ್ನಾದರೂ ಬುದ್ಧಿ ಬಂತೋ ಅಂತ. ಬರಲಿಲ್ಲ. ಅವನಿಗಾಗಿ ಅತ್ತಿದ್ದೇನೆ, ಲಿಫ್ಟಿನ ಬಾವಿಯಲ್ಲಿ ಯಾರಿಗೂ ಕೇಳಿಸದ ಹಾಗೆ. ಅತ್ತು, ಮರುದಿನ ನಾಲ್ಕು ಗಂಟೆಗೆ ಎದ್ದು, ಕ್ಯಾನಿಗೆ ಇಪ್ಪತ್ತು ಲೀಟರ್ ತುಂಬಿದ್ದೇನೆ. ಅವನ ಹೆಸರು ಹೇಳಿಕೊಂಡು ನಾನು ಮನೆಯಲ್ಲಿ ಕೂತರೆ ಅವನೇ ಎದ್ದು ಬಂದು ನಗುತ್ತಾನೆ.

ಇವರು ಇವತ್ತು ನೇರವಾಗಿ ಮಾತಾಡಿದರು. ನಲವತ್ತೈದು ದಿನದ ಮೇಲೆ.

"ಹೋಗೋದು ಖಾತ್ರೀನಾ?"

"ಖಾತ್ರಿ. ಚೀಟಿ ಬರೆದುಕೊಡಿ."

"ನಾನು ಬರೆಯಲ್ಲ. ಬರೆದ್ರೆ ಮತ್ತೆ ಸುಳ್ಳೇ ಬರೀತೀನಿ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

"ಹಾಗಾದ್ರೆ ಅತ್ತೆ ಬರೀಲಿ."

ಅತ್ತೆ ಪಕ್ಕದ ಕೋಣೆಯಿಂದಲೇ ಕೂಗಿದರು: "ನಂಗೆ ಬಿಟ್ರೆ ಬೆಳಿಗ್ಗೆ ಏಳಕ್ಕೇ ಬರೀತೀನಿ! ತಿಂಡಿ ಹೊತ್ತಿಗೆ ಬಂದುಬಿಡು!"

ಇವರಿಗೆ ನಗು ಬಂತು. ನನಗೂ. ತಕ್ಷಣ ಇಬ್ಬರೂ ಮುಖ ತಿರುಗಿಸಿದೆವು.

ಚೀಟಿ ಇಲ್ಲದೆ ಲೀಡರ್ ಕರೆದುಕೊಂಡು ಹೋಗುವುದಿಲ್ಲ. ಇವರಿಗೂ ಅದು ಗೊತ್ತು. ಹಾಗೆ ನನ್ನನ್ನು ಕಟ್ಟಿಹಾಕಬಹುದು ಅಂದುಕೊಂಡಿದ್ದರೆ ತಪ್ಪು. ಕದ್ದು ಬೇಕಾದರೂ ಹೋಗುತ್ತೇನೆ.

ಏಪ್ರಿಲ್ 10, ಬೆಳಿಗ್ಗೆ 7

ಟ್ಯಾಕ್ಸಿ ಬಂದು ನಿಂತಿದೆ. ಹಿಂದಿನ ಸೀಟಿನಲ್ಲಿ ಕೂತು ಎರಡು ಸಾಲು.

ಬಾಗಿಲಲ್ಲಿ ಇವರು ಚೀಟಿ ಕೊಟ್ಟರು. ನಾಲ್ಕು ಮಡಿಕೆ, ಅಂಟಿನ ಬದಲು ಗುಲಾಬಿ ಮೇಣ, ಹೆಬ್ಬೆಟ್ಟಿನಿಂದ ಒತ್ತಿದ್ದು. ಬೆರಳಿನ ಗೆರೆಗಳೆಲ್ಲ ಮೂಡಿವೆ. ಮೊನ್ನೆ ಇವರು ಲೀಡರಿಗೆ ಫೋನ್ ಮಾಡಿ ಕೇಳಿದ್ದು ನನಗೆ ಗೊತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮಾತಾಡಿದರೂ ಗೊತ್ತಾಗುತ್ತದೆ. ಆದರೆ ಬರೆದದ್ದೇನು? ಒಂದೋ, ಹನ್ನೆರಡೋ. ಕಳ್ಳನ ಕೈಬರಹವನ್ನು ಒಳಜೇಬಿಗೆ ಹಾಕಿಕೊಂಡು ಹೊರಟಿದ್ದೇನೆ. ಕಡಿಮೆ ಬರೆದಿದ್ದರೆ ಈ ಸಲ ತಿರುಗುವುದಿಲ್ಲ. ಇಲ್ಲೇ ಬರೆದಿಡುತ್ತೇನೆ. ತಿರುಗುವುದಿಲ್ಲ.

ಏಪ್ರಿಲ್ 29, ಕೆಳಗಿನ ಕ್ಯಾಂಪ್

ಕೆಮ್ಮು. ಎಲ್ಲರಿಗೂ. ಲೀಡರ್ ಕೆಮ್ಮಿದರೆ ಟೆಂಟ್ ಅಲುಗುತ್ತದೆ. ಇಂಕು ಹೆಪ್ಪುಗಟ್ಟಿದೆ, ಪೆನ್ಸಿಲ್ಲೇ ಗತಿ. ಸವತಿ ಬೆಳಿಗ್ಗೆ ಒಂದು ಗಂಟೆ ಕಾಣಿಸಿಕೊಳ್ಳುತ್ತಾಳೆ, ಆಮೇಲೆ ಮುಸುಕು.

ಎರಡು ಸಲ ಅರ್ಧದವರೆಗೆ ಹತ್ತಿ ಇಳಿದೆವು, ಮೈಗೆ ಎತ್ತರ ರೂಢಿಯಾಗಲಿ ಅಂತ. ಸ್ಪಂಜಿನ ಬೆರಳು ಅಸಲಿ ಬೆರಳಿಗಿಂತ ವಾಸಿ, ಚಳಿಯಾಗುವುದಿಲ್ಲ. ಎಷ್ಟೋ ತಿಂಗಳ ಮೇಲೆ ಸರಿಯಾಗಿ ನಿದ್ದೆ. ಕಲ್ಲಿನ ಮೇಲೆ ಮಲಗಿ, ಹಿಮ ಕುಸಿಯುವ ಸದ್ದು ಕೇಳುತ್ತಾ, ಮಗುವಿನ ಹಾಗೆ ನಿದ್ದೆ. ನಾಚಿಕೆಯಾಗಬೇಕು. ಆಗುತ್ತಿಲ್ಲ.

ಮೇ 17, ಮಧ್ಯಾಹ್ನ 4, ಕೊನೆಯ ಕ್ಯಾಂಪ್

ಕತ್ತಲಾದ ಮೇಲೆ ಹೊರಡುವುದು. ಲೀಡರ್ ಹೊರಗೆ ಸಿಲಿಂಡರ್ ನೋಡುತ್ತಿದ್ದಾರೆ. ಗಂಟೆ ಎಷ್ಟು ಅಂತ ಅವರು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಆದರೆ ಮೂರು ದಿನದಿಂದ ಒಂದೇ ಮಾತು: "ಎರಡು ದಾಟಿದ್ರೆ ಗಾಳಿ ಏಳತ್ತೆ. ಇಳಿಯೋಕೆ ಬೆಳಕೂ ಸಾಲಲ್ಲ, ಆಕ್ಸಿಜನ್ನೂ ಸಾಲಲ್ಲ." ಕೇಳಿಸಿಕೊಂಡೆ ಮಹಾರಾಯರೇ.

ಚೀಟಿ ಒಡೆದೆ. ಮೇಣ ಕಲ್ಲಾಗಿತ್ತು, ಹಲ್ಲಿನಲ್ಲಿ ಕಚ್ಚಿ ಬಿಡಿಸಬೇಕಾಯಿತು.

ಮೂರು.

ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಮೂರೇ. ಕೆಳಗೆ ಅದೇ ದುಂಡಗಿನ ಅಕ್ಷರ: 'ಲೀಡರ್ ಎರಡು ಅಂದರು. ಕದ್ದ ಒಂದನ್ನು ಸೇರಿಸಿದ್ದೇನೆ. ಇನ್ನು ನಿನ್ನಿಷ್ಟ.'

ಎಂಥ ಮನುಷ್ಯ! ಕೂದಲೆಳೆ ಹೆಚ್ಚಾದರೆ ಕಿತ್ತು ಹಾಕುವವರು ಒಂದು ಗಂಟೆ ಹೆಚ್ಚು ಬರೆದಿದ್ದಾರೆ. ಮೂರಕ್ಕೆ ತಿರುಗಿದವರು ಮನೆ ಸೇರುವುದಿಲ್ಲ ಅಂತ ಗೊತ್ತಿದ್ದೂ ಬರೆದಿದ್ದಾರೆ. ಒಂದು ಅಂತ ಬರೆದಿದ್ದರೆ ಹರಿದು ಗಾಳಿಗೆ ಎಸೆಯುತ್ತಿದ್ದೆ. ಎರಡು ಅಂದಿದ್ದರೆ ಒಂದು ಕೈ ನೋಡಿಕೊಳ್ಳುತ್ತಿದ್ದೆ. ಜಗಳಕ್ಕೆ ಅಂತ ಇಷ್ಟು ದಿನ ಮೈ ಹುರಿ ಮಾಡಿಕೊಂಡು ಬಂದೆ. ಈಗ ಯಾರ ಜೊತೆ ಜಗಳ ಆಡಲಿ?

ಇದನ್ನು ಬರೆಯುವಾಗ ಇವರಿಗೆ ಎಷ್ಟು ಭಯವಾಗಿರಬೇಕು. ಮೇಣದ ಮೇಲಿನ ಹೆಬ್ಬೆಟ್ಟು ನಡುಗಿದೆಯಾ ಅಂತ ನೋಡಿದೆ. ಇಲ್ಲ.

ಚೀಟಿ ಮಡಿಸಿ ಕೈಗವಸಿನೊಳಗೆ ಇಟ್ಟುಕೊಂಡೆ.

ಮೇ 19, ಬೆಳಿಗ್ಗೆ, ಎರಡನೇ ಕ್ಯಾಂಪ್

ಬದುಕಿದ್ದೇನೆ. ಬೆರಳು ಎಂಟೂ ಇವೆ. ಪೆನ್ಸಿಲ್ ಹಿಡಿಯಲು ಆಗುತ್ತಿಲ್ಲ, ಆದರೂ ಬರೆಯಬೇಕು.

ಹಿಮ ತೊಡೆಯವರೆಗೆ. ದಾರಿ ಮಾಡಿಕೊಂಡೇ ಹತ್ತಬೇಕಾಯಿತು. ಹೋದ ಸಲ ಕೂತಿದ್ದ ಬಂಡೆ ಸಿಕ್ಕಾಗ ಒಂದೂ ಇಪ್ಪತ್ತು. ಬಂಡೆಗೆ ಒಂದು ಒದ್ದು ಮುಂದೆ ಹೋದೆ. ಲೀಡರ್ ಇಪ್ಪತ್ತು ಹೆಜ್ಜೆ ಹಿಂದೆ. ಮೇಲೆ ಮೇಲೆ. ಒಂದು ಹೆಜ್ಜೆ, ಐದು ಉಸಿರು. ಕಾಣುತ್ತಿತ್ತು. ತುದಿ, ಅದರಾಚೆ ಬರೀ ಆಕಾಶ.

ವಾಚ್ ನೋಡಿದೆ. ಎರಡು.

ಇನ್ನೂ ಇಪ್ಪತ್ತು ಮೀಟರ್. ಇಪ್ಪತ್ತೈದು ನಿಮಿಷ ಬೇಕಿತ್ತು. ಕೈಗವಸಿನಲ್ಲಿ ಅರವತ್ತು ನಿಮಿಷ ಇತ್ತು, ಸಹಿ ಸಮೇತ.

ಲೀಡರ್ ಹಿಂದೆ ನಿಂತುಬಿಟ್ಟರು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಚೀಟಿಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರು ನಾವಿಬ್ಬರೇ, ಒಬ್ಬರು ಅಲ್ಲಿ ಹಲ್ಲು ಕೂರಿಸುತ್ತಾ. ಚಿಗರೆ ಪಕ್ಕದಲ್ಲಿ ನಿಂತು "ಯಾಕಕ್ಕಾ?" ಅಂದ ಹಾಗಾಯಿತು. ಅಷ್ಟು ಎತ್ತರದಲ್ಲಿ ಹಾಗೆಲ್ಲ ಆಗುತ್ತದೆ. ಉತ್ತರ ಕೊಟ್ಟೆ, ಆಕ್ಸಿಜನ್ ಮುಖವಾಡದೊಳಗೇ: "ನಂದು ಎರಡು ಕಣೋ."

ತಿರುಗಿದೆ.

ಇಳಿಯುವಾಗ ಬಿಕ್ಕಿ ಬಿಕ್ಕಿ ಅತ್ತೆ. ಕನ್ನಡಕದ ಒಳಗೆಲ್ಲ ಹಿಮ. ದುಃಖ ಇತ್ತು, ಸಿಟ್ಟಿತ್ತು. ನಾಚಿಕೆ ಇರಲಿಲ್ಲ. ಹೋದ ಸಲ ನನ್ನನ್ನು ತಿರುಗಿಸಿದ್ದರು. ಈ ಸಲ ನಾನು ತಿರುಗಿದೆ. ಎರಡೂಮುಕ್ಕಾಲಿಗೆ ಗಾಳಿ ಎದ್ದಿತು, ಲೀಡರ್ ಹೇಳಿದ ಹಾಗೇ, ಆಳನ್ನೇ ಎತ್ತಿ ಒಗೆಯುವ ಗಾಳಿ. ಆಗ ನಾವು ಹಿಡಿದು ಇಳಿಯಲು ಹಗ್ಗ ಕಟ್ಟಿದ ಜಾಗಕ್ಕೆ ಬಂದಿದ್ದೆವು.

ಲೀಡರ್ ಟೆಂಟಿನಲ್ಲಿ ಬಿಸಿನೀರು ಕೊಟ್ಟು, "ಬುದ್ಧಿ—" ಅಂತ ಬಾಯಿ ತೆಗೆದರು. ನನ್ನ ಮುಖ ನೋಡಿ ಮುಚ್ಚಿದರು. ಒಳ್ಳೆಯದಾಯಿತು. ಅವರಿಗೆ ಇರುವುದೇ ಹತ್ತು ಹಲ್ಲು.

ಅದೇ ದಿನ, ಸಂಜೆ 5, ಕೆಳಗಿನ ಕ್ಯಾಂಪ್

ಸ್ಯಾಟಲೈಟ್ ಫೋನ್ ಸಿಕ್ಕಿತು. ಮೊದಲ ರಿಂಗಿಗೇ ಎತ್ತಿದರು.

"ನಾನು ಕಣ್ರೀ."

ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಆಮೇಲೆ:

"ಹತ್ತಿದ್ಯಾ?"

"ಇಲ್ಲ. ತಿರುಗಿದೆ."

"ಎಷ್ಟಕ್ಕೆ?"

"ಎರಡಕ್ಕೆ."

"ನಾನು ಮೂರು ಬರೆದಿದ್ದೆ ಕಣೇ."

"ನಂಗೆ ಓದೋಕೆ ಬರತ್ತೆ."

ಇವರು ಅಳುತ್ತಿದ್ದರು. ಮದುವೆಯಾದ ಹದಿನೇಳು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಹಿಂದಿನಿಂದ ಅತ್ತೆ, "ಬದುಕಿದಾಳೇನೋ? ಬದುಕಿದ್ರೆ ನನ್ನ ಕೈಲಿ ಕೊಡೋ, ನಾಲ್ಕು ಬೈಬೇಕು" ಅನ್ನುತ್ತಿದ್ದರು. ಎಷ್ಟು ಮೀಟರ್ ಬಾಕಿ ಇತ್ತು ಅಂತ ಕೇಳಿದರು, ಹೇಳಿದೆ. ಇಪ್ಪತ್ತು, ಇಪ್ಪತ್ತು ಅಂತ ಎರಡು ಸಲ ಹೇಳಿಕೊಂಡರು, ತಮ್ಮದೇ ಏನೋ ಕಳೆದುಹೋದ ಹಾಗೆ. ಮೂಗು ಒರೆಸಿಕೊಂಡ ಸದ್ದು. ಆಮೇಲೆ ಮೆಲ್ಲಗೆ, ಇವರೇ, ನಾನು ಬಾಯಿ ಬಿಡುವ ಮೊದಲೇ ಇವರೇ ಕೇಳಿದರು:

"ಮುಂದಿನ ಸಲ ಎಷ್ಟು ಬರೀಲಿ?"

ನಾನು ಅಂದೆ: "ಲೀಡರ್ ಅಂದಷ್ಟೇ ಬರೀರಿ, ಒಡೆದು ನೋಡ್ತೀನಿ."